ಕಮಿನ್ ಮನೆತನ: ವಂಶವೃಕ್ಷ ಬಿಟ್ಟು ದಾರ ಹಿಡಿದ ಅನುಭವ

ಕಮಿನ್ ಎಂಬುದು ಹದಿಮೂರನೇ ಶತಮಾನದ ಸ್ಕಾಟ್ಲೆಂಡಿನ ದೊಡ್ಡ ಸರದಾರ ಮನೆತನ; ಅವರ ಕಥೆಯನ್ನು ಬೋರ್ಡಿನ ಮೇಲೆ ಇಸವಿ ಪ್ರಕಾರ ಪಿನ್ನು, ಬಣ್ಣದ ದಾರ ಹಾಕಿ ತೋರಿಸಿದ್ದೇನೆ. ವಂಶವೃಕ್ಷ ಇಲ್ಲದೆ ಸ್ಕಾಟ್ಲೆಂಡಿನ ಪಟ್ಟದ ಜಗಳ ಯಾರಿಗೂ ಅರ್ಥವಾಗಲ್ಲ ಎಂದು ವಾದಿಸಿದವರೇ ಈಗ ಈ ಬೋರ್ಡಿನ ಫೋಟೊ ಕೇಳುತ್ತಿದ್ದಾರೆ. ಕಮಿನ್‌ಗಳ ವಿಷಯದಲ್ಲಿ ವೃಕ್ಷ ಕೈಕೊಡುತ್ತದೆ. ಬ್ಯಾಡನಕ್ ಸೀಮೆಯ ಶಾಖೆಯಲ್ಲೇ ಸಾಲಾಗಿ ನಾಲ್ಕು ಜಾನ್, ಬಕನ್ ಸೀಮೆಯ ಶಾಖೆಯಲ್ಲಿ ಇನ್ನೊಬ್ಬ. ಮೇಲಾಗಿ ಅವರ ದೊಡ್ಡ ಸೀಮೆಗಳು ಬಂದದ್ದು ಮದುವೆಯಿಂದ. 1212ರ ಸುಮಾರಿಗೆ ವಿಲಿಯಂ ಕಮಿನ್ ಬಕನ್‌ನ ಅರ್ಲ್ (ಸೀಮೆಯ ಒಡೆಯ) ಆದದ್ದು ಅಲ್ಲಿನ ವಾರಸುದಾರ್ತಿ ಮಾರ್ಜರಿಯ ಕೈಹಿಡಿದು. ವಾಲ್ಟರ್ ಕಮಿನ್‌ಗೆ ಮೆಂಟೀತ್ ಸೀಮೆ ಸಿಕ್ಕಿದ್ದೂ ಹಾಗೇ. ವಂಶಾವಳಿ ಸಾಫ್ಟ್‌ವೇರ್ ಇದನ್ನೆಲ್ಲ ಪಕ್ಕದ ಸಣ್ಣ ಗೆರೆ ಮಾಡಿಬಿಡುತ್ತದೆ. ಅದರ ಚಂದಾ ಐದು ಸಾವಿರದ ಹತ್ತಿರ, ಪೂರ್ತಿ ದಂಡ.

ಬೋರ್ಡಿಗೆ ಥರ್ಮೊಕೋಲ್ ಬೇಡ, ಪಿನ್ ಎರಡು ಸಲ ಕಿತ್ತರೆ ಪುಡಿಯಾಗುತ್ತದೆ. ಫ್ಲೆಕ್ಸ್‌ನಲ್ಲಿ ತೂತು ಹಿಗ್ಗಿ ದಾರ ಜೋಲುತ್ತದೆ. ಆರಡಿ-ನಾಲ್ಕಡಿ ಸಾಫ್ಟ್‌ಬೋರ್ಡಿಗೆ ಎರಡೂವರೆ ಸಾವಿರದಷ್ಟು ಹಾಕಲೇಬೇಕು, ಅದರಲ್ಲಿ ಉಳಿತಾಯ ನೋಡಬೇಡಿ. ನೂಲಿಗೆ ಮೇಣ ಸವರಿ; ರೇಷ್ಮೆ ದಾರದ ಗಂಟು ಜಾರುತ್ತದೆ.

ಬಣ್ಣ ಲಾಂಛನದಿಂದಲೇ ತೆಗೆದುಕೊಳ್ಳಿ. ಎರಡೂ ಶಾಖೆಗೆ ಮೂರು ಚಿನ್ನದ ಸಿವುಡುಗಳೇ ಗುರುತು, ಆದರೆ ಬ್ಯಾಡನಕ್‌ನದು ಕೆಂಪು ಹಿನ್ನೆಲೆ, ಬಕನ್‌ನದು ನೀಲಿ. ಪಟ್ಟಕ್ಕೆ ಹೋರಾಡಿದ ಇನ್ನೆರಡು ಮನೆತನಗಳಲ್ಲಿ ಬ್ರೂಸ್‌ಗೆ ಹಳದಿ, ಬ್ಯಾಲಿಯಲ್‌ಗೆ ಬಿಳಿ. ಜಾನ್‌ಗಳ ಗೊಂದಲ ಅರ್ಧ ಇಲ್ಲೇ ಹೋಯಿತು.

ವರ್ಷಗಳ ಅಳತೆ ಒಂದೇ ಸಮ ಇಟ್ಟರೆ ಕೆಡುತ್ತದೆ. 1286ರವರೆಗೆ ವರ್ಷಕ್ಕೆ ಅರ್ಧ ಸೆಂಟಿಮೀಟರ್ ಸಾಕು. ರಾಜ ಮೂರನೇ ಅಲೆಕ್ಸಾಂಡರ್ ಕಿಂಗ್‌ಹಾರ್ನ್‌ನಲ್ಲಿ ಸತ್ತ ಮೇಲೆ 1308ರವರೆಗೆ ವರ್ಷಕ್ಕೆ ಐದು ಕೊಡಿ. ರಾಜನ ಬದಲು ನಾಡು ನೋಡಿಕೊಳ್ಳಲು ನಿಂತ ಆರು ಜನ ಗಾರ್ಡಿಯನ್‌ಗಳಲ್ಲಿ ಇಬ್ಬರು ಕಮಿನ್‌ಗಳು, ಕೆಂಪು ಒಂದು ನೀಲಿ ಒಂದು, ಅಕ್ಕಪಕ್ಕ ಕೂರಲು ಜಾಗ ಬೇಕು. 1299ರ ಪೀಬಲ್ಸ್ ಸಭೆಯಲ್ಲಿ 'ಕೆಂಪು ಕಮಿನ್' ಎಂದೇ ಕರೆಸಿಕೊಂಡ ಬ್ಯಾಡನಕ್‌ನ ಮೂರನೇ ಜಾನ್, ಮುಂದೆ ರಾಜನಾದ ರಾಬರ್ಟ್ ಬ್ರೂಸ್‌ನ ಕುತ್ತಿಗೆಗೇ ಕೈಹಾಕಿದ್ದ. ಕೆಂಪು-ಹಳದಿ ಅಲ್ಲಿ ಮುಟ್ಟಲೇಬೇಕು, ಗಂಟು ಮಾತ್ರ ಬೀಳಬಾರದು. ಅಲ್ಲಿ ದಾರ ದಾಟಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಬೋರ್ಡಿನ ಜೀವ ಇರುವುದು ಬಿಳಿ ದಾರದಲ್ಲಿ. ರಾಜ ಜಾನ್ ಬ್ಯಾಲಿಯಲ್‌ನ ಸೋದರಿ ಎಲಿನರ್ ಬ್ಯಾಡನಕ್ ಮನೆಗೆ ಸೊಸೆಯಾಗಿ ಬಂದಳು, ಅವಳ ಮಗನೇ ಕೆಂಪು ಕಮಿನ್. 1296ರಲ್ಲಿ ಬ್ಯಾಲಿಯಲ್ ಪಟ್ಟ ಕಳೆದುಕೊಂಡ. ಅವನ ಮಗ ಎಡ್ವರ್ಡ್ ಇಂಗ್ಲೆಂಡಿನವರ ಕೈಯಲ್ಲಿದ್ದ. ಬಿಳಿ ದಾರ ಸ್ಕಾಟ್ಲೆಂಡಿನೊಳಗೆ ಬಂದು ನಿಲ್ಲುವುದು ಈ ಸೋದರಳಿಯನ ಪಿನ್ನಿಗೇ. ಬ್ರೂಸ್‌ಗೆ ಅವನು ಏಕೆ ಅಡ್ಡವಾದ ಎಂದು ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಸವಿ ಎಲ್ಲರನ್ನೂ ಕೆಡವುವ ಜಾಗ. ಆಗಿನ ಇಂಗ್ಲಿಷ್ ಲೆಕ್ಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಡಂಫ್ರೀಸಿನ ಗ್ರೇಫ್ರಯರ್ಸ್ ಚರ್ಚಿನಲ್ಲಿ ಕೆಂಪು ಕಮಿನ್ ಬ್ರೂಸ್ ಕಡೆಯವರ ಕೈಯಲ್ಲಿ ಕೊಲೆಯಾದದ್ದು 1306ರ ಫೆಬ್ರುವರಿ 10, ಹಳೆಯ ಲೆಕ್ಕದಲ್ಲಿ ಅದು 1305. ತಿದ್ದದಿದ್ದರೆ ಕೊಲೆಗೂ ಮಾರ್ಚ್ 25ರಂದು ಸ್ಕೋನ್‌ನಲ್ಲಿ ಬ್ರೂಸ್‌ಗೆ ಆದ ಪಟ್ಟಾಭಿಷೇಕಕ್ಕೂ ನಡುವೆ ಒಂದು ವರ್ಷ ಹೆಚ್ಚಿಗೆ ಬೀಳುತ್ತದೆ. ಅಲ್ಲಿರುವುದು ಆರು ವಾರ, ಬೋರ್ಡಿನಲ್ಲಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ.

ನಡುವೆ ಇನ್ನೊಂದು ಪ್ರಯೋಗ: ಪಟ್ಟ ಯಾರಿಗೆ ಎಂದು 1291-92ರಲ್ಲಿ ನಡೆದ ವಿಚಾರಣೆಗೆ ಕೂತ 104 ಜನರಿಗೂ ಪಿನ್. ಬ್ಯಾಲಿಯಲ್-ಕಮಿನ್ ಆರಿಸಿದ 40, ಬ್ರೂಸ್ ಕಡೆಯ 40, ಇಂಗ್ಲೆಂಡಿನ ಎಡ್ವರ್ಡ್ ರಾಜನ 24. ಬೋರ್ಡ್ ಮುಳ್ಳುಹಂದಿಯಾಯಿತು, ತೆಗೆದೆ. ಆದರೆ ಆ ಮೊದಲ 40ರಲ್ಲಿ ಕಮಿನ್ ಹೆಸರು ಬ್ಯಾಲಿಯಲ್ ಜೊತೆಗೇ ಬರುತ್ತದೆ. ಅದಕ್ಕೊಂದು ಚೀಟಿ ಉಳಿಸಿಕೊಳ್ಳಿ. ಹೆಸರು ಹುಡುಕಲು 'ಪೀಪಲ್ ಆಫ್ ಮೆಡೀವಲ್ ಸ್ಕಾಟ್ಲೆಂಡ್' ದತ್ತಾಂಶ ಪುಕ್ಕಟೆ ಸಿಗುತ್ತದೆ. ದುಬಾರಿ ಹಳೇ ಸಂಪುಟಗಳಿಗೆ ಹೋದ ಎಂಟು-ಒಂಬತ್ತು ಸಾವಿರ ಬೇಕಿರಲಿಲ್ಲ.

ನೀಲಿ ದಾರವನ್ನು 1308ಕ್ಕೆ ಕತ್ತರಿಸಬೇಡಿ. ಬ್ರೂಸ್ ಬಕನ್ ಸೀಮೆ ಸುಟ್ಟ, ಅರ್ಲ್ ಸತ್ತ, ನಿಜ. ಆದರೆ ಅರ್ಲ್‌ನ ಸೋದರನ ಮಗಳು, ವಾರಸುದಾರ್ತಿ ಆಲಿಸ್‌ಳನ್ನು ಮದುವೆಯಾದ ಹೆನ್ರಿ ಡಿ ಬೋಮಾಂಟ್ ಅದೇ ಹಕ್ಕು ಹಿಡಿದು 1332ರಲ್ಲಿ ಡಪ್ಲಿನ್ ಮೂರ್ ಕದನಕ್ಕೆ ಬಂದ. ಬಲಗಡೆ ಒಂದು ಗೇಣು ಜಾಗ ಮೊದಲೇ ಬಿಟ್ಟಿರಿ.