ಸ್ಪಿರಿಟೂಂಬ್ ಹಿಡಿಯೋದು ಹೇಗೆ?

ಪೋಕೆಮಾನ್ ಲೋಕದಲ್ಲಿ ನಿಜಕ್ಕೂ ಮೈ ಜುಮ್ಮೆನ್ನಿಸುವ ಜೀವಿ ಅಂದ್ರೆ ನನಗೆ ಸ್ಪಿರಿಟೂಂಬ್. ದುಷ್ಕೃತ್ಯಗಳಿಗೆ ಶಿಕ್ಷೆಯಾಗಿ 108 ಆತ್ಮಗಳನ್ನು ಒಂದು ಕಲ್ಲಿನೊಳಗೆ ಕಟ್ಟಿಹಾಕಿದ್ದಾರೆ. ತೂಕ ಕೂಡ ಸರಿಯಾಗಿ 108 ಕೆಜಿ!

ಇದು ಹುಲ್ಲಲ್ಲಿ ಅಡ್ಡಾಡುವಾಗ ಸುಮ್ನೆ ಸಿಗಲ್ಲ. 2021ರ ಬ್ರಿಲಿಯಂಟ್ ಡೈಮಂಡ್, ಶೈನಿಂಗ್ ಪರ್ಲ್ ಆಟಗಳನ್ನು ಆಡ್ತಿದ್ದರೆ ಮೊದಲು ಆಡ್ ಕೀಸ್ಟೋನ್ ಅನ್ನೋ ಕಲ್ಲು ಬೇಕು. ರೂಟ್ 208ರಲ್ಲಿ ಒಬ್ಬ ಕರಾಟೆ ಪಟು ಅದನ್ನು ಕೊಡ್ತಾನೆ. ರೂಟ್ 209ರಲ್ಲಿ ಮುರಿದ ಕಲ್ಲಿನ ಗೋಪುರವೊಂದಿದೆ, ಅದರಲ್ಲಿ ಈ ಕಲ್ಲನ್ನು ಇಡಿ.

ಆಮೇಲೆ ನೆಲದಡಿಯ ಸುರಂಗಗಳಾದ ಗ್ರ್ಯಾಂಡ್ ಅಂಡರ್‌ಗ್ರೌಂಡಿಗೆ ಇಳಿದು 32 ಸಲ ಜನರನ್ನು ಮಾತಾಡಿಸಬೇಕು. ಲೆಕ್ಕ ಪರದೆ ಮೇಲೆ ಬರಲ್ಲ, ಹಾಗಾಗಿ ಪಕ್ಕದಲ್ಲಿ ಒಂದು ಚೀಟಿ ಇಟ್ಕೊಂಡು ಗೆರೆ ಹಾಕ್ತಾ ಹೋಗಿ. ಜನ ಸಾಲದಿದ್ದರೆ ಮೇಲೆ ಹೋಗಿ ಮತ್ತೆ ಇಳಿಯಿರಿ, ಅವರನ್ನೇ ಇನ್ನೊಮ್ಮೆ ಮಾತಾಡಿಸಿ. 2006ರ ಹಳೆಯ ಆಟಗಳಲ್ಲಿ ಇದಕ್ಕೆ ನಿಜವಾದ ಆಟಗಾರರೇ ಬೇಕಿತ್ತು, ಹತ್ತಿರದಲ್ಲಿ ಇನ್ನೊಬ್ಬರು ಡಿಎಸ್ (ಕೈಯಲ್ಲಿ ಹಿಡಿದು ಆಡೋ ನಿಂಟೆಂಡೊ ಯಂತ್ರ) ಹಿಡ್ಕೊಂಡು ಕೂರದಿದ್ದರೆ ಕೆಲಸ ಆಗ್ತಾ ಇರಲಿಲ್ಲ. ಈಗ ಎಷ್ಟೋ ಸುಲಭ ಅಲ್ವಾ?

32 ಸಲ ಆದ ಮೇಲೆ ಆ ಗೋಪುರಕ್ಕೆ ವಾಪಸ್ ಹೋಗಿ, ಆದರೆ ಅದನ್ನು ಮುಟ್ಟೋ ಮೊದಲು ಸೇವ್ ಮಾಡ್ಲೇಬೇಕು. ರಾತ್ರಿ ಹೊತ್ತು ಹೋದರೆ ಒಳ್ಳೇದು, ಪೋಕೆಮಾನ್ ಹಿಡಿಯೋ ಚೆಂಡುಗಳಲ್ಲಿ ಒಂದಾದ ಡಸ್ಕ್ ಬಾಲ್ ಆಗ ಚೆನ್ನಾಗಿ ಹಿಡಿಯುತ್ತೆ. ಎದುರಿಗೆ ಬರೋ ಸ್ಪಿರಿಟೂಂಬ್ 25ನೇ ಲೆವೆಲ್ಲಿನದು. ಇದು ಘೋಸ್ಟ್ ಮತ್ತು ಡಾರ್ಕ್ ಎರಡೂ ಬಗೆಯ ಪೋಕೆಮಾನ್ ಆಗಿರೋದ್ರಿಂದ ನಾರ್ಮಲ್, ಫೈಟಿಂಗ್, ಸೈಕಿಕ್ ದಾಳಿ ಯಾವುದೂ ತಾಗಲ್ಲ, ಎದುರಾಳಿಯನ್ನು ಪೂರ್ತಿ ಸೋಲಿಸದೆ ಚೂರು ಜೀವ ಉಳಿಸುತ್ತೆ ಅಂತ ಎಲ್ಲರೂ ನೆಚ್ಚಿಕೊಳ್ಳೋ ನಾರ್ಮಲ್ ದಾಳಿ ಫಾಲ್ಸ್ ಸ್ವೈಪ್ ಕೂಡ ಇಲ್ಲಿ ದಂಡ. ಫೇರಿ ದಾಳಿ ಮಾತ್ರ ಜೋರಾಗಿ ಬೀಳುತ್ತೆ, ಅದನ್ನು ಬಳಸಿದರೆ ಹಿಡಿಯೋ ಮುಂಚೆಯೇ ಸ್ಪಿರಿಟೂಂಬ್ ಸೋತು ಬಿದ್ದುಬಿಡಬಹುದು. ಸಣ್ಣ ಪೆಟ್ಟು ಕೊಡಿ, ನಿದ್ದೆ ಬರಿಸಿ, ಬಾಲ್ ಎಸೆಯಿರಿ.