ಕಾಫಿ ತೋಟದಲ್ಲಿ ಹಕ್ಕಿ ಎಣಿಸಿ ಮಾಡೆಲ್ ಕಟ್ಟಿದ್ದು: ನನ್ನ ಅನುಭವ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಎರಡು ಬೇಸಿಗೆ ಹಕ್ಕಿ ಎಣಿಸಿದೆ. ಕಾಡುಮರ ಕಡಿದು ನೆರಳಿಗೆ ಸಿಲ್ವರ್ ಓಕ್ ಹಾಕಿದರೆ ಹಕ್ಕಿಗಳಿಗೆ ಏನಾಗುತ್ತೆ ಅಂತ ತಿಳಿಯಬೇಕಿತ್ತು.

ಮೂರು ಥರದ ಜಾಗ ಆರಿಸಿಕೊಂಡೆ: ಕಾಡು, ಹಲಸು ಅತ್ತಿ ನಂದಿ ಇರುವ ಹಳೇ ತೋಟ, ಸಿಲ್ವರ್ ಓಕಿಗೆ ಮೆಣಸು ಹಬ್ಬಿಸಿದ ತೋಟ. ಒಂದೊಂದು ಕಡೆ ಹತ್ತು ನಿಮಿಷ ನಿಂತು, ಸುತ್ತ 50 ಮೀಟರ್ ಒಳಗೆ ಕಂಡದ್ದು, ಕೂಗಿದ್ದು ಎಲ್ಲ ಬರೆದುಕೊಂಡೆ. ಜೊತೆಗೆ ನೆರಳು ಎಷ್ಟಿದೆ, ಕಾಡಿನಂಚು ಎಷ್ಟು ದೂರ, ಆ ವರ್ಷ ಮರಗಸಿ (ನೆರಳಿನ ಮರದ ಕೊಂಬೆ ಸವರೋದು) ಆಗಿದೆಯಾ ಅನ್ನೋದನ್ನೂ ಬರೆದೆ.

ಇವುಗಳಿಗೂ ಹಕ್ಕಿ ಜಾತಿಗಳ ಸಂಖ್ಯೆಗೂ ಇರುವ ನಂಟನ್ನು ಲೆಕ್ಕ ಹಾಕುವ ಮಾಡೆಲ್ ಕಟ್ಟಿದ್ದು ಆರ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ. ಒಂದೇ ತೋಟದ ಹತ್ತು ಜಾಗಗಳಿಗೆ ಯಜಮಾನರು ಒಬ್ಬರೇ, ಹೊಡೆಯುವ ಔಷಧಿ ಒಂದೇ, ಹಾಗಾಗಿ ಅವನ್ನು ಹತ್ತು ಬೇರೆ ಬೇರೆ ಸಾಕ್ಷಿ ಅಂತ ಲೆಕ್ಕ ಹಿಡಿಯೋದು ತಪ್ಪು. ಅದಕ್ಕೇ ಒಂದೇ ತೋಟದ ಜಾಗಗಳನ್ನು ಒಂದು ಗುಂಪು ಅಂತ ಮಾಡೆಲ್ ತಿಳಿಯೋ ಹಾಗೆ, ತೋಟವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ ಹಾಕಿದೆ.

ಉತ್ತರ ನೋಡಿ ಗಾಬರಿಯಾಯ್ತು. ಸಿಲ್ವರ್ ಓಕ್ ತೋಟದಲ್ಲೂ ಕಾಡಿನಲ್ಲೂ ಜಾತಿಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ!

ಮತ್ತೆ ಹಾಳೆ ತೆಗೆದು ಹೆಸರುಗಳನ್ನು ಓದಿದೆ. ಓಕ್ ತೋಟದ ತುಂಬ ಪಿಕಳಾರ, ಮೈನಾ, ಕಾಜಾಣ. ಬಯಲಲ್ಲೂ ಬದುಕುವ ಹಕ್ಕಿಗಳು ಬಂದು ಸಂಖ್ಯೆ ತುಂಬಿಸಿದ್ದವು. ಕಾಡಿನಲ್ಲಿ ಇನ್ನೊಂದು ತೊಂದರೆ. ಕಾಕರಣೆ ಹಕ್ಕಿ ನೆರಳಿನ ಕೊಂಬೆ ಮೇಲೆ ಅಲ್ಲಾಡದೆ ಕೂತಿರುತ್ತೆ, ಕೂಗದಿದ್ದರೆ ಅದರ ಕೆಳಗೇ ನಡೆದುಹೋದರೂ ಗೊತ್ತಾಗಲ್ಲ. ಅಂದರೆ ಕಾಣದೇ ಇದ್ದದ್ದನ್ನು ನಾನು ಇಲ್ಲ ಅಂತ ಬರೆದಿದ್ದೆ.

ಮುಂದಿನ ಬೇಸಿಗೆ ಪ್ರತಿ ಜಾಗಕ್ಕೂ ನಾಲ್ಕು ಸಲ ಹೋದೆ. ನಾಲ್ಕರಲ್ಲಿ ಎಷ್ಟು ಸಲ ಕಂಡಿತು ಅನ್ನೋದರಿಂದ ಕಣ್ತಪ್ಪಿದ ಲೆಕ್ಕ ಹಿಡಿಯಬಹುದು, ಇದೇ ಆಕ್ಯುಪೆನ್ಸಿ ಮಾಡೆಲ್. ಕಾಡಿಗಿಂತ ತುಂಬ ತಗ್ಗಿನಲ್ಲಿದ್ದ ತೋಟಗಳನ್ನು ಬಿಟ್ಟೆ, ಯಾಕಂದ್ರೆ ಅಲ್ಲಿ ಹಕ್ಕಿ ಬೇರೆಯಾಗಿರೋದು ಎತ್ತರದಿಂದಲೋ ಮರದಿಂದಲೋ ಹೇಳೋಕಾಗಲ್ಲ. ಸಂಖ್ಯೆ ಬಿಟ್ಟು, ಪ್ರತಿ ತೋಟದ ಹಕ್ಕಿಗಳ ಪಟ್ಟಿ ಕಾಡಿನ ಪಟ್ಟಿಗೆ ಎಷ್ಟು ಹೋಲುತ್ತೆ ಅಂತ ನೋಡಿದೆ. ಆಗ ವ್ಯತ್ಯಾಸ ಎದ್ದು ಕಂಡಿತು. ಹಳೇ ತೋಟ ಕಾಡಿಗೆ ಹತ್ತಿರ, ಓಕ್ ತೋಟ ಬಹಳ ದೂರ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಸೇರಿದ್ದ ಪ್ರೆಡಿಕ್ಟ್ಸ್ ತಂಡ ಇಂಥ ಎಣಿಕೆಗಳನ್ನು ಜಗತ್ತಿನ ಎಲ್ಲೆಡೆಯಿಂದ ಒಟ್ಟುಮಾಡಿ, 2015ರಲ್ಲಿ ನೆಲದ ಬಳಕೆಯಿಂದ ಸ್ಥಳೀಯ ಜಾತಿಗಳ ಸಂಖ್ಯೆ ಸರಾಸರಿ 13.6% ಇಳಿದಿದೆ ಅಂತ ಅಂದಾಜು ಮಾಡಿತು. ಕೆಲಸದ ಅಂಕಿಯೇ. ಆದರೆ ಅದರೊಳಗೆ ಕಾಕರಣೆ ಹೋಗಿ ಮೈನಾ ಬಂದದ್ದು ಕಾಣೋದಿಲ್ಲ, ಅಲ್ವಾ?

ಫಲಿತಾಂಶ ತೋರಿಸಿದಾಗ ಒಬ್ಬ ಯಜಮಾನರು, "ಹಾಗಾದ್ರೆ ಯಾವ ಮರ ಉಳಿಸ್ಲಿ ಹೇಳಿ" ಅಂದರು. ಅತ್ತಿ ಅಂದೆ, ಕುಟ್ರು ಮಂಗಟ್ಟೆ ಎರಡೂ ಹಣ್ಣಿಗೆ ಬರುತ್ತವೆ. ಆದರೆ ನನ್ನ ಮಾಡೆಲ್‌ನಲ್ಲಿ ಯಾವ ಮರ ಅನ್ನೋ ಕಾಲಮ್ಮೇ ಇರಲಿಲ್ಲ. ಈ ಸಲ ಅದನ್ನು ಸೇರಿಸಿದ್ದೇನೆ.