ಮಾತಿನಿಂದ ದಾಖಲೆಗೆ: ಮೇಫ್ಲವರ್ ವಂಶಜರ ಸಂಘಕ್ಕೆ ಅರ್ಜಿ ಹಾಕಿದ ನನ್ನ ಅನುಭವ

ನಾನು ಸೊಸೆಯಾಗಿ ಬಂದ ಮನೆ ಮ್ಯಾಸಚೂಸೆಟ್ಸಿನಲ್ಲಿದೆ. ಅತ್ತೆಯವರ ತಾಯಿಯ ಕಡೆಯವರು ಮೇಫ್ಲವರ್ ಹಡಗಿನಲ್ಲಿ ಬಂದವರು ಎಂಬ ಮಾತು ಮದುವೆಯಾದಾಗಿನಿಂದ ನನ್ನ ಕಿವಿಗೆ ಬೀಳುತ್ತಲೇ ಇತ್ತು. ಅತ್ತೆಗೆ ಅವರ ಅಜ್ಜಿ ಹೇಳಿದ್ದು, ಆ ಅಜ್ಜಿಗೆ ಅವರ ಅಜ್ಜಿ ಹೇಳಿದ್ದು. ಕಾಗದ ಮಾತ್ರ ಒಂದೂ ಇರಲಿಲ್ಲ. ಮಗಳು ಕಾಲೇಜು ಸೇರಿದ ಮೇಲೆ ನನಗೆ ಬಿಡುವಾಯಿತು. ಅತ್ತೆಯನ್ನೂ ಮಗಳನ್ನೂ ಮೇಫ್ಲವರ್ ವಂಶಜರ ಸಂಘದ ಸದಸ್ಯರನ್ನಾಗಿ ಮಾಡಿಸುವ ಕೆಲಸವನ್ನು ಕೈಗೆತ್ತಿಕೊಂಡೆ. ಈ ಮನೆಯಲ್ಲಿ ಆ ವಂಶಕ್ಕೆ ಸೇರದವಳು ನಾನು. ಆದರೂ, ಅಥವಾ ಅದಕ್ಕೇ ಇರಬೇಕು, ಪ್ರತಿ ಕೊಂಡಿಗೂ ಸಾಕ್ಷಿ ಕೇಳುವ ಮನಸ್ಸು ನನಗಿತ್ತು.

ಮೇಫ್ಲವರ್ 1620ರ ಕೊನೆಯಲ್ಲಿ 102 ಪ್ರಯಾಣಿಕರನ್ನು ಹೊತ್ತು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬಂತು. ಅವರು ಇಂದಿನ ಮ್ಯಾಸಚೂಸೆಟ್ಸಿನ ಪ್ಲಿಮತ್ತಿನಲ್ಲಿ ವಸಾಹತು ಕಟ್ಟಿ ನೆಲೆಸಿದರು. ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತಿದ್ದರು. ಆ ಪ್ರಯಾಣಿಕರ ಸಂತತಿಯವರು ಸೇರಿ 1897ರಲ್ಲಿ ಪ್ಲಿಮತ್ ಊರಿನಲ್ಲಿ ಮಹಾಸಂಘವನ್ನು ಕಟ್ಟಿದರು. ಅದರ ಕೇಂದ್ರ ಇಂದಿಗೂ ಅಲ್ಲಿಯೇ ಇದೆ. ಎಡ್ವರ್ಡ್ ವಿನ್ಸ್‌ಲೋ ಎಂಬ ಮೇಫ್ಲವರ್ ಪ್ರಯಾಣಿಕನ ಮರಿಮಗ 1754ರಲ್ಲಿ ಕಟ್ಟಿಸಿದ ದೊಡ್ಡ ಮನೆಯೊಂದು ಈಗ ಸಂಘದ ವಸ್ತುಸಂಗ್ರಹಾಲಯವಾಗಿದೆ. ನಾವು ಅರ್ಜಿ ಹಾಕುವುದು ಆಯಾ ರಾಜ್ಯದ ಶಾಖೆಗೆ. ಅಲ್ಲಿನ ಇತಿಹಾಸಕಾರರು ಪರಿಶೀಲಿಸಿದ ಮೇಲೆ ಕಡತ ಪ್ಲಿಮತ್ತಿಗೆ ಹೋಗಿ ಇನ್ನೊಂದು ಸುತ್ತಿನ ಪರೀಕ್ಷೆಗೆ ಒಳಗಾಗುತ್ತದೆ. ಹಣವಂತರೇ ಆಗಲಿ, ಹೆಸರುವಾಸಿಗಳೇ ಆಗಲಿ, ದಾಖಲೆ ಇಲ್ಲದೆ ಒಳಗೆ ಪ್ರವೇಶವಿಲ್ಲ. ಈ ಸಂಘದಲ್ಲಿ ನನಗೆ ಮೊದಲು ಗೌರವ ಹುಟ್ಟಿಸಿದ್ದೇ ಇದು.

ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು ಮನೆಯ ಮುಂದೆ ನಿಂತು ನಮ್ಮ ಮುತ್ತಾತನ ತಾತನ ಹೆಸರಿನಿಂದ ಹಿಡಿದು ಅಂಗಳದಲ್ಲಿ ಆಡುತ್ತಿದ್ದ ಮಕ್ಕಳವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದರು. ಆ ವರ್ಷ ಹುಟ್ಟಿದ ಮಗುವಿನ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಂಡು, ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಆ ಹೊಗಳಿಕೆಯಲ್ಲಿ ನಮ್ಮ ಸೋದರತ್ತೆಯರ ಮಕ್ಕಳ ಹೆಸರು ಬಂದದ್ದು ನಾನು ಕೇಳಿಲ್ಲ. ಮದುವೆಯಾಗಿ ಹೋದವರ ಸಾಲು ಅಲ್ಲಿಗೆ ಮುಗಿಯುತ್ತಿತ್ತು. ಮೇಫ್ಲವರ್ ಸಂಘದ ನಿಯಮ ಹಾಗಿಲ್ಲ. ತಂದೆಯ ಮೂಲಕವಾಗಲಿ ತಾಯಿಯ ಮೂಲಕವಾಗಲಿ, ರಕ್ತಸಂಬಂಧ ಎಲ್ಲಿಯೂ ಕಡಿಯದೆ ಬಂದಿದ್ದರೆ ಸಾಕು. ಹಾಗಾಗಿ ಇಲ್ಲಿ ಹೆಚ್ಚಿನ ಶ್ರಮವೆಲ್ಲ ಹೆಂಗಸರನ್ನು ಹುಡುಕುವುದರಲ್ಲಿಯೇ ಕಳೆಯುತ್ತದೆ. ಮದುವೆಯೊಂದಿಗೆ ಅಡ್ಡಹೆಸರು ಬದಲಾದರೆ ಹೆಣ್ಣುಮಗಳು ತವರಿನ ದಾಖಲೆಯಿಂದ ಮಾಯವಾಗುತ್ತಾಳೆ.

ನಮ್ಮ ಮನೆಯ ಮಾತಿನ ಪ್ರಕಾರ ಮೂಲಪುರುಷ ಜಾನ್ ಹೌಲ್ಯಾಂಡ್. ಅವನು ವಸಾಹತಿನ ಮೊದಲ ಗವರ್ನರ್ ಜಾನ್ ಕಾರ್ವರ್‌ನ ಸೇವಕನಾಗಿ ಬಂದವನು. ಅಟ್ಲಾಂಟಿಕ್ ನಡುವೆ ಬಿರುಗಾಳಿಗೆ ಸಿಕ್ಕು ಹಡಗಿನಿಂದ ಕಡಲಿಗೆ ಬಿದ್ದ. ನೀರಿಗೆ ಇಳಿಬಿದ್ದಿದ್ದ ಹಾಯಿಯ ಹಗ್ಗ ಕೈಗೆ ಸಿಕ್ಕಿತು. ಅದನ್ನು ಹಿಡಿದು ನೇತಾಡುತ್ತಿದ್ದವನನ್ನು ಮೇಲಕ್ಕೆ ಎಳೆದುಕೊಂಡರು. ಅವನು ಮುಂದೆ ಮದುವೆಯಾದದ್ದು ಅದೇ ಹಡಗಿನಲ್ಲಿ ಹುಡುಗಿಯಾಗಿ ಬಂದಿದ್ದ ಎಲಿಜಬೆತ್ ಟಿಲ್ಲಿಯನ್ನು. ಅವಳ ತಂದೆ ತಾಯಿ ಇಬ್ಬರೂ ಆ ಮೊದಲ ಚಳಿಗಾಲದಲ್ಲೇ ತೀರಿಕೊಂಡಿದ್ದರು. ಅನಾಥ ಹುಡುಗಿ ಮತ್ತು ಸೇವಕನ ಈ ಜೋಡಿಗೆ ಹತ್ತು ಮಕ್ಕಳು. ಅವರ ಸಂತತಿಯ ಕವಲುಗಳು ಅಮೆರಿಕದ ತುಂಬ ಹರಡಿವೆ. ಅಂದರೆ ಹೌಲ್ಯಾಂಡ್ ವಂಶ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ಸಾಬೀತು ಮಾಡಿ ತೋರಿಸಿದವರು ಅಷ್ಟಿಲ್ಲ.

ಮೊದಲ ಐದು ತಲೆಮಾರುಗಳ ಬಗ್ಗೆ ಚಿಂತೆ ಬೇಡ. ಸಂಘವೇ ದಶಕಗಳ ಸಂಶೋಧನೆಯಿಂದ ಪ್ರಕಟಿಸಿರುವ ಸಂಪುಟಗಳಿವೆ. ಬೆಳ್ಳಿಯ ಬಣ್ಣದ ರಟ್ಟು ಇರುವುದರಿಂದ ಎಲ್ಲರೂ ಅವನ್ನು ಬೆಳ್ಳಿ ಪುಸ್ತಕಗಳೆಂದೇ ಕರೆಯುತ್ತಾರೆ. ಹಡಗಿನಲ್ಲಿ ಬಂದವರಿಂದ ಐದನೆಯ ತಲೆಮಾರಿನವರೆಗೆ, ಜೊತೆಗೆ ಅವರ ಮಕ್ಕಳ ಹೆಸರುಗಳು, ಆಧಾರಗಳ ಸಮೇತ ಅಲ್ಲಿವೆ. ಬಾಸ್ಟನ್ನಿನಲ್ಲಿ 1845ರಲ್ಲಿ ಸ್ಥಾಪನೆಯಾದ ನ್ಯೂ ಇಂಗ್ಲೆಂಡ್ ವಂಶಚರಿತ್ರೆ ಸಂಸ್ಥೆಯ ಗ್ರಂಥಾಲಯದಲ್ಲಿ ಕುಳಿತು ನಮ್ಮ ಸಾಲನ್ನು ಗುರುತಿಸಿದೆ. ಹೌಲ್ಯಾಂಡನ ಮಗಳು ಡಿಸೈರ್, ಅವಳ ಗಂಡ ಕ್ಯಾಪ್ಟನ್ ಜಾನ್ ಗೋರಂ, ಬಾರ್ನ್‌ಸ್ಟಬಲ್ ಊರಿನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು, ಕೊನೆಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಆರನೆಯ ತಲೆಮಾರಿನ ಒಬ್ಬ ಸೈನಿಕ. ಈ ಸೈನಿಕನಿಗೂ ನಮ್ಮ ಅತ್ತೆಗೂ ನಡುವಿನ ದಾರಿಯನ್ನು ನಾನೇ ಕಟ್ಟಬೇಕಿತ್ತು.

ಇಂಥ ಕೆಲಸಕ್ಕೆ ಇಳಿಯುವವರಿಗೆ ನನ್ನ ಮೊದಲ ಮಾತು: ಹಡಗಿನಿಂದ ಆರಂಭಿಸಬೇಡಿ, ನಿಮ್ಮಿಂದ ಆರಂಭಿಸಿ. ಪ್ರತಿ ತಲೆಮಾರಿನಲ್ಲೂ ವಂಶದ ವ್ಯಕ್ತಿಯ ಹುಟ್ಟು, ಮದುವೆ, ಸಾವು, ಹಾಗೆಯೇ ಅವರ ಸಂಗಾತಿಯದೂ ಬೇಕು. ತಂದೆ ತಾಯಿಯ ಹೆಸರಿರುವ ಪೂರ್ಣ ನಮೂನೆಯ ಪ್ರಮಾಣಪತ್ರವನ್ನೇ ತರಿಸಬೇಕು. ಚಿಕ್ಕ ನಮೂನೆಯದು ನಡೆಯುವುದಿಲ್ಲ. ಮಗಳ ಅರ್ಜಿಯಲ್ಲಿ ಅವಳ ತಂದೆಯ ಸಂಗಾತಿಯಾಗಿ ನನ್ನ ದಾಖಲೆಗಳೂ ಬೇಕಾದವು. ಊರಿನಿಂದ ತರಿಸಿದ ನನ್ನ ಜನನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಹೆಸರಿತ್ತು, ಮಗುವಿನ ಹೆಸರಿನ ಅಂಕಣ ಖಾಲಿ ಇತ್ತು. ನಮ್ಮ ತಲೆಮಾರಿನ ಎಷ್ಟೋ ಜನರ ಪತ್ರಗಳು ಹಾಗೆಯೇ ಇವೆ. ನಾಮಕರಣಕ್ಕೆ ಮೊದಲೇ ಆಸ್ಪತ್ರೆಯವರು ವರದಿ ಕಳುಹಿಸಿಬಿಡುತ್ತಿದ್ದರು. ಅದೇ ಜನ್ಮದಿನಾಂಕವಿದ್ದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೂ, ಸಬ್‌ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರವನ್ನೂ, ಕನ್ನಡದಲ್ಲಿದ್ದ ಭಾಗಗಳ ಪ್ರಮಾಣೀಕೃತ ಅನುವಾದವನ್ನೂ ಜೋಡಿಸಿ ಒಂದು ಪುಟದ ವಿವರಣೆ ಬರೆದೆ. ಶಾಖೆಯ ಇತಿಹಾಸಕಾರರು ಅದನ್ನೆಲ್ಲ ತಾಳ್ಮೆಯಿಂದ ಓದಿ ಒಪ್ಪಿಕೊಂಡರು.

ಅತ್ತೆಯ ತಾಯಿ, ಅಜ್ಜಿ, ಮುತ್ತಜ್ಜಿ ಓಹಾಯೊ ರಾಜ್ಯದವರು. ಅಲ್ಲಿ ಕೌಂಟಿ ಮಟ್ಟದ ಜನನ ಮರಣ ನೋಂದಣಿ 1867ರಿಂದ, ರಾಜ್ಯ ಮಟ್ಟದ್ದು 1908ರಿಂದ ಇದೆ. ಅಲ್ಲಿಯವರೆಗೆ ದಾರಿ ನೇರ. ಅದಕ್ಕಿಂತ ಹಿಂದೆ ಜನಗಣತಿಯೇ ಗತಿ. ಮನೆಯಲ್ಲಿದ್ದ ಎಲ್ಲರ ಹೆಸರನ್ನೂ ಬರೆದ ಮೊದಲ ಗಣತಿ 1850ರದು. ಅದಕ್ಕೂ ಹಿಂದಿನವುಗಳಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ಬರೀ ಸಂಖ್ಯೆ. ನಮ್ಮ ಏಳನೆಯ ತಲೆಮಾರಿನ ಹೆಂಗಸು, ಅಂದರೆ ಆ ಸೈನಿಕನ ಮಗಳು, 1850ಕ್ಕೆ ಮೊದಲೇ ತೀರಿಕೊಂಡಿದ್ದಳು. ಹೆಸರು ಬರೆಯುವ ಕಾಲ ಬರುವ ಹೊತ್ತಿಗೆ ಅವಳೇ ಇರಲಿಲ್ಲ. ಓಹಾಯೊದ ವಿವಾಹ ಪುಸ್ತಕದಲ್ಲಿ ಅವಳ ಹೆಸರಿತ್ತು, ತಂದೆಯ ಹೆಸರಿರಲಿಲ್ಲ. ಅದೇ ಹೆಸರಿನ ಹೆಣ್ಣುಮಕ್ಕಳು ಆ ಕಾಲದಲ್ಲಿ ಬೇರೆಯವರೂ ಇದ್ದರು. ಇವಳೇ ಅವಳು ಎಂದು ತೋರಿಸುವುದು ಹೇಗೆ?

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆಗದೇ ಎಂದು ಬಹಳ ಜನ ಕೇಳುತ್ತಾರೆ. ಹತ್ತು ತಲೆಮಾರು ಹಿಂದಿನ ಒಬ್ಬ ನಿರ್ದಿಷ್ಟ ಪೂರ್ವಜನಿಂದ ನಮಗೆ ಡಿಎನ್‌ಎಯ ಒಂದು ತುಣುಕೂ ಬಾರದಿರುವ ಸಾಧ್ಯತೆಯೇ ಹೆಚ್ಚು. ಇನ್ನು ಅಂತರ್ಜಾಲದ ವಂಶವೃಕ್ಷಗಳಲ್ಲಿ ಈ ಮಗಳನ್ನು ಈ ತಂದೆಗೆ ಜೋಡಿಸಿದವರು ಹಲವರಿದ್ದರು. ಆಧಾರ ಏನೆಂದು ನೋಡಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಿದ್ದರು. ಅದು ಸಾಕ್ಷ್ಯವಲ್ಲ.

ಸೈನಿಕನ ಕುಟುಂಬ ಬಾರ್ನ್‌ಸ್ಟಬಲ್ ಬಿಟ್ಟು ಉತ್ತರಕ್ಕೆ, ಇಂದಿನ ಮೇನ್ ರಾಜ್ಯದ ಗೋರಂ ಊರಿಗೆ ಹೋಗಿ ನೆಲೆಸಿತ್ತು. ಅಲ್ಲಿಂದ ಮಗಳು ಓಹಾಯೊಗೆ ಏಕೆ ಹೋದಳು ಎಂಬುದಕ್ಕೆ ದೊಡ್ಡ ಹಿನ್ನೆಲೆಯಿದೆ. 1815ರಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ, ಗಂಧಕದ ಮಬ್ಬು ಬಿಸಿಲನ್ನು ಮರೆಮಾಡಿ 1816ರ ಬೇಸಿಗೆಯಲ್ಲಿ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿ ಹಿಮ ಬಿತ್ತು, ಬೆಳೆ ಸುಟ್ಟುಹೋಯಿತು. ಮೇನ್ ಸೀಮೆಯ ರೈತರು ಗಾಡಿ ಕಟ್ಟಿಕೊಂಡು ಗುಂಪುಗುಂಪಾಗಿ ಓಹಾಯೊ ಕಡೆ ಹೊರಟರು. ಇವಳ ಮದುವೆ ಓಹಾಯೊದಲ್ಲಿ ನೋಂದಣಿಯಾದದ್ದು ಅದಾದ ಕೆಲವೇ ವರ್ಷಗಳಿಗೆ.

ಸೈನಿಕನ ಉಯಿಲು ಸಿಕ್ಕಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಕೌಂಟಿಯ ಹಳೆಯ ಉಯಿಲುಗಳು 1908ರಲ್ಲಿ ಪೋರ್ಟ್‌ಲ್ಯಾಂಡ್ ನಗರದ ಬೆಂಕಿ ಅನಾಹುತದಲ್ಲಿ ಸುಟ್ಟುಹೋಗಿವೆ. ಮೊದಲ ಆಸರೆ ಸಿಕ್ಕಿದ್ದು ಪಿಂಚಣಿ ಕಡತದಲ್ಲಿ. 1794ಕ್ಕೆ ಮೊದಲು ಮದುವೆಯಾಗಿದ್ದ ಸೈನಿಕರ ವಿಧವೆಯರಿಗೆ ಪಿಂಚಣಿ ಕೊಡುವ ಕಾನೂನು 1838ರಲ್ಲಿ ಬಂತು. ಮದುವೆಗೆ ಪುರಾವೆ ಬೇಕಲ್ಲ, ಎಷ್ಟೋ ವಿಧವೆಯರು ಮನೆಯ ಬೈಬಲ್‌ನಿಂದ ಕುಟುಂಬದ ವಿವರವಿದ್ದ ಹಾಳೆಯನ್ನೇ ಕಿತ್ತು ಸರ್ಕಾರಕ್ಕೆ ಕಳುಹಿಸಿದರು. ನಮ್ಮ ಸೈನಿಕನ ಹೆಂಡತಿಯೂ ಹಾಗೆ ಮಾಡಿದ್ದಳು. ರಾಷ್ಟ್ರೀಯ ದಫ್ತರದಿಂದ ತರಿಸಿದ ಪ್ರತಿಯಲ್ಲಿ ಹಾಳೆಯ ಎಡ ಅಂಚು ಹರಿದ ಗುರುತು ಕಾಣುತ್ತದೆ. ಮದುವೆಯ ದಿನಾಂಕ, ಕೆಳಗೆ ಮಕ್ಕಳ ಹೆಸರುಗಳು. ಶಾಯಿ ಒಂದೊಂದು ಸಾಲಿಗೂ ಒಂದೊಂದು ಬಗೆ, ಅಂದರೆ ಮಗು ಹುಟ್ಟಿದಾಗೆಲ್ಲ ಆಗಲೇ ಬರೆದದ್ದು. ಆ ಸಾಲುಗಳ ನಡುವೆ ಇವಳ ಹೆಸರೂ ಇತ್ತು.

ತಂದೆಯ ಮನೆಯಲ್ಲಿ ಆ ಹೆಸರಿನ ಮಗಳಿದ್ದಳು ಎಂಬುದಷ್ಟೇ ಇದರಿಂದ ತಿಳಿಯಿತು. ಓಹಾಯೊದ ಹೆಂಡತಿ ಅವಳೇ ಎಂದು ತೋರಿಸಿಕೊಟ್ಟದ್ದು ಭೂಮಿಯ ಕ್ರಯಪತ್ರ. ಭೂದಾಖಲೆಗಳ ಪುಸ್ತಕಗಳು ಬೆಂಕಿಗೆ ಸಿಗದೆ ಉಳಿದಿದ್ದವು. ವಿಧವೆ ತೀರಿಕೊಂಡ ಮೇಲೆ ವಾರಸುದಾರರು ಗೋರಂನ ಜಮೀನಿನಲ್ಲಿ ತಮ್ಮ ಪಾಲಿನ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟ ಪತ್ರ ಅದು. ಗುಮಾಸ್ತನ ಬರವಣಿಗೆಯಲ್ಲಿ ಒಬ್ಬೊಬ್ಬರ ಹೆಸರು, ಊರು, ಮೃತನಿಗೆ ಏನಾಗಬೇಕು ಎಂಬ ವಿವರ. ಕೊನೆಗೆ ಓಹಾಯೊ ರಾಜ್ಯದ ಇಂಥ ಕೌಂಟಿಯ ಇಂಥವನು, ಮತ್ತು ಮೃತನ ಮಗಳಾದ ಅವನ ಹೆಂಡತಿ ಇಂಥವಳು. ಗಂಡನ ಸಹಿಯ ಕೆಳಗೆ ಒಂದು ಶಿಲುಬೆಯಾಕಾರದ ಗೆರೆ, ಅದರ ಸುತ್ತ ‘ಅವಳ ಗುರುತು’ ಎಂಬ ಮಾತು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಇಂಥವರ ಮಗಳು, ಇಂಥವರ ಹೆಂಡತಿ ಎಂದು ಎರಡನ್ನೂ ಒಂದೇ ಕಡೆ ಹೇಳುವ ಕಾಗದ ಇದೊಂದೇ. ಹೆಣ್ಣುಮಗಳಿಗೂ ಆಸ್ತಿಯಲ್ಲಿ ಪಾಲು ಇದ್ದುದರಿಂದ ಅವಳ ಹೆಸರು ಉಳಿಯಿತು. ಹೆಂಗಸರನ್ನು ಹುಡುಕುತ್ತಿರುವವರು ಚರ್ಚಿನ ಪುಸ್ತಕದ ಮುಂದೆ ನಿರಾಶರಾಗಿ ಕೂರಬೇಡಿ, ಜಮೀನಿನ ಪತ್ರಗಳನ್ನು ತೆಗೆದು ನೋಡಿ.

ಆ ಜಮೀನು ಎಲ್ಲಿಂದ ಬಂತು ಎಂದು ನೋಡದೆ ಇರಲು ನನ್ನಿಂದ ಆಗಲಿಲ್ಲ. ಸಂಘ ಅದನ್ನು ಕೇಳುವುದಿಲ್ಲ. ಕೇಳಿದವಳು ನಾನು. 1675ರಲ್ಲಿ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮೆಟಕಾಮ್‌ಗೂ ಇಂಗ್ಲಿಷ್ ವಸಾಹತುಗಳಿಗೂ ಯುದ್ಧ ಹತ್ತಿತು. ಅದೇ ಡಿಸೆಂಬರ್ 19ರಂದು ವಸಾಹತುಗಳ ಸೇನೆ ಇಂದಿನ ರೋಡ್ ಐಲ್ಯಾಂಡಿನ ಜೌಗುಪ್ರದೇಶದಲ್ಲಿದ್ದ, ಇನ್ನೊಂದು ಮೂಲನಿವಾಸಿ ಪಂಗಡವಾದ ನ್ಯಾರಗ್ಯಾನ್ಸೆಟ್ ಜನರ ಕೋಟೆಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಇಟ್ಟಿತು. ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಾರು ಜನ ಸತ್ತರು. ಡಿಸೈರ್ ಹೌಲ್ಯಾಂಡಳ ಗಂಡ, ನನ್ನ ಮಗಳ ಪೂರ್ವಜ, ಕ್ಯಾಪ್ಟನ್ ಜಾನ್ ಗೋರಂ ಆ ದಾಳಿಯಲ್ಲಿ ಒಂದು ತುಕಡಿಯ ನಾಯಕ. ಕೆಲವೇ ವಾರಗಳಲ್ಲಿ ಅವನೂ ತೀರಿಕೊಂಡ. ದಾಳಿಗೆ ಹೊರಡುವ ಮುನ್ನ ಡೆಡಮ್ ಊರಿನ ಬಯಲಿನಲ್ಲಿ ಮ್ಯಾಸಚೂಸೆಟ್ಸ್ ಸೈನಿಕರಿಗೆ ಸಂಬಳದ ಜೊತೆಗೆ ಭೂಮಿ ಕೊಡುವ ಮಾತು ಕೊಡಲಾಗಿತ್ತು. ಅದು ನೆರವೇರಿದ್ದು 1730ರ ದಶಕದಲ್ಲಿ, ಸೈನಿಕರಿಗೂ ಅವರ ವಾರಸುದಾರರಿಗೂ ಏಳು ಊರುಗಳಷ್ಟು ನೆಲ ಮಂಜೂರಾದಾಗ. ಏಳನೆಯದಕ್ಕೆ ಮುಂದೆ ಆ ಕ್ಯಾಪ್ಟನ್ನನ ಹೆಸರಿಟ್ಟರು. ಅದೇ ಗೋರಂ. ನನ್ನ ಮಗಳ ವಂಶವನ್ನು ಸಾಬೀತು ಮಾಡಿದ ಪತ್ರ ಆ ನೆಲದ ಪತ್ರ.

ಇದನ್ನು ಮಗಳಿಗೂ ಅತ್ತೆಗೂ ಒಟ್ಟಿಗೆ ಕೂರಿಸಿ ಹೇಳಿದೆ. ಅತ್ತೆ ಬಹಳ ಹೊತ್ತು ಆ ಕ್ರಯಪತ್ರದ ಪ್ರತಿಯನ್ನು ಓದಿದರು. ಅರ್ಜಿ ಕಳುಹಿಸೋಣ, ಇದನ್ನೂ ಬರೆದು ಮನೆಯಲ್ಲಿಡೋಣ ಎಂದರು. ಹಾಗೆಯೇ ಮಾಡಿದೆವು.

ಕಡತ ಎರಡು ಹಂತದ ಪರಿಶೀಲನೆ ದಾಟಲು ತಿಂಗಳುಗಳು ಹಿಡಿದವು. ನಡುವೆ ಒಂದು ಮರಣ ಪ್ರಮಾಣಪತ್ರದ ಸ್ಪಷ್ಟ ಪ್ರತಿ ಕೇಳಿದರು, ಅಷ್ಟೇ. ಒಪ್ಪಿಗೆ ಬಂದ ಮೇಲೆ ಸದಸ್ಯತ್ವದ ಸಂಖ್ಯೆ, ಪ್ರಮಾಣಪತ್ರ ಬಂದವು. ಸಂಘದ ಚಟುವಟಿಕೆಗಳು ಹಲವು. ಮೂರು ವರ್ಷಕ್ಕೊಮ್ಮೆ ಪ್ಲಿಮತ್ತಿನಲ್ಲಿ ಮಹಾಅಧಿವೇಶನ, ಶಾಖೆಗಳ ವಿದ್ಯಾರ್ಥಿವೇತನ, ಪತ್ರಿಕೆ, ಸಂಶೋಧನೆಯ ಪ್ರಕಟಣೆ. ನನಗೆ ಹಿಡಿಸಿದ್ದು ನವೆಂಬರಿನ ಭೋಜನಕೂಟ. ದಡಕ್ಕಿಳಿಯುವ ಮೊದಲು ನಾವೆಲ್ಲ ಸೇರಿ ಮಾಡಿಕೊಂಡ ಕಾನೂನಿಗೆ ಬದ್ಧರಾಗಿರುತ್ತೇವೆ ಎಂದು 41 ಗಂಡಸರು ಹಡಗಿನಲ್ಲೇ ಸಹಿ ಹಾಕಿದ ಒಪ್ಪಂದದ ನೆನಪಿಗೆ ಅದು ನಡೆಯುತ್ತದೆ. ಪ್ರಯಾಣಿಕರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಆಯಾ ವಂಶದವರು ಎದ್ದು ನಿಲ್ಲುತ್ತಾರೆ. ಹೌಲ್ಯಾಂಡ್ ಎಂದಾಗ ಒಂದು ದೊಡ್ಡ ಗುಂಪೇ ಎದ್ದಿತು. ಟಿಲ್ಲಿ ಎಂದಾಗ ಅತ್ತೆಯೂ ಮಗಳೂ ಮತ್ತೆ ಎದ್ದರು. ರೇಷ್ಮೆ ಸೀರೆ ಉಟ್ಟಿದ್ದ ಮಗಳನ್ನು ನೋಡಿ ಪಕ್ಕದ ಮೇಜಿನ ವೃದ್ಧರೊಬ್ಬರು ನಾವು ನೆಂಟರು ಎಂದು ಕೈ ಕುಲುಕಿದರು. ಅದು ನಿಜವೂ ಹೌದು.

ಅದೇ ತಿಂಗಳ ನಾಲ್ಕನೆಯ ಗುರುವಾರ, ಕೃತಜ್ಞತಾ ಹಬ್ಬದ ದಿನ, ಮಗಳೊಂದಿಗೆ ಪ್ಲಿಮತ್ತಿನ ಕೋಲ್ಸ್ ಹಿಲ್‌ಗೆ ಹೋಗಿದ್ದೆ. ಅಲ್ಲಿ 1970ರಿಂದ ಮೂಲನಿವಾಸಿಗಳು ಆ ದಿನವನ್ನು ರಾಷ್ಟ್ರೀಯ ಶೋಕದಿನವಾಗಿ ಆಚರಿಸುತ್ತಾರೆ. ಮೆಟಕಾಮ್‌ನ ತಂದೆ ಮಸ್ಸಸಾಯಿಟ್‌ನ ಕಂಚಿನ ಪ್ರತಿಮೆ ಇರುವ ಗುಡ್ಡ ಅದು. ಭಾಷಣಗಳನ್ನು ಕೊನೆಯವರೆಗೂ ನಿಂತು ಕೇಳಿದೆವು.

ಒಮ್ಮೆ ಒಪ್ಪಿಗೆಯಾದ ಸಾಲನ್ನು ಬಂಧುಗಳು ಬಳಸಿಕೊಳ್ಳಬಹುದು. ಅವರು ತಮ್ಮ ಕವಲಿನ ದಾಖಲೆಗಳನ್ನಷ್ಟೇ ಸೇರಿಸಬೇಕು. ಈಗ ಅತ್ತೆಯ ಕಡೆಯ ಸೋದರ ಸಂಬಂಧಿಗಳು ಒಬ್ಬೊಬ್ಬರಾಗಿ ಕ್ರಯಪತ್ರದ ಪ್ರತಿ ಕೇಳುತ್ತಿದ್ದಾರೆ. ಕೇಳಿದವರಿಗೆಲ್ಲ ಕಳುಹಿಸುತ್ತೇನೆ, ಜೊತೆಗೆ ಆ ಭೂಮಿ ಮಂಜೂರಾದ ಬಗೆಯನ್ನು ನಾನು ಬರೆದಿಟ್ಟ ಪುಟಗಳನ್ನೂ ಲಕೋಟೆಗೆ ಸೇರಿಸುತ್ತೇನೆ. ಒಂದನ್ನು ಬಿಟ್ಟು ಇನ್ನೊಂದನ್ನು ಯಾರಿಗೂ ಕೊಟ್ಟಿಲ್ಲ.